ಬಜೆಟ್ ಹಿಗ್ಗಿತು, ಆಸ್ಪತ್ರೆಯ ಬ್ಯಾಟರಿ ಏಕೆ ಬದಲಾಗಲಿಲ್ಲ?

ಓದುಗರ ಪತ್ರ: ಆರೋಗ್ಯಕ್ಕೆ ಸರ್ಕಾರದ ಹಣ ವರ್ಷವರ್ಷವೂ ಹೆಚ್ಚುತ್ತಿದೆ ಎಂದು ಓದುತ್ತೇವೆ. ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಯಿತು. ಕರೆಂಟು ಹೋದರೆ ಹೆರಿಗೆ ಕೋಣೆಗೆ ಟಾರ್ಚೇ ಗತಿ. ಕೇಳಿದರೆ ಅನುದಾನ ಬಂದಿಲ್ಲ ಎನ್ನುತ್ತಾರೆ. ಯಾವುದನ್ನು ನಂಬೋಣ?

ಸಂಪಾದಕರ ಉತ್ತರ: ಎರಡನ್ನೂ ನಂಬಿ. ದೇಶದ ಲೆಕ್ಕದಲ್ಲಿ ಹಣ ಏರಿದೆ. 2013-14ರಲ್ಲಿ ಜಿಡಿಪಿಯ ಶೇ 1.15ರಷ್ಟಿದ್ದ ಸರ್ಕಾರಿ ಆರೋಗ್ಯ ವೆಚ್ಚ 2021-22ರಲ್ಲಿ ಶೇ 1.84 ಆಗಿತ್ತು, ಅದು ಕೋವಿಡ್ ಕಾಲ ಎಂಬುದೂ ನೆನಪಿರಲಿ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ ಇಟ್ಟುಕೊಂಡ ಗುರಿ ಶೇ 2.5.

ಆದರೆ ಆ ದೊಡ್ಡ ಹಣ ಸಂಬಳ, ಔಷಧಿ, ಕಟ್ಟಡ ಎಂದು ಮೊದಲೇ ಹಂಚಿಹೋಗಿರುತ್ತದೆ. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು 2021-26ರ ಅವಧಿಗೆ ಶಿಫಾರಸು ಮಾಡಿದ 70,051 ಕೋಟಿ ರೂಪಾಯಿಯೂ ಹಾಗೆಯೇ: ಉಪಕೇಂದ್ರದ ಕಟ್ಟಡಕ್ಕೆ ಇಷ್ಟು, ಪ್ರಯೋಗಾಲಯಕ್ಕೆ ಇಷ್ಟು. ಅದರಲ್ಲಿ ನಿಮ್ಮ ಬ್ಯಾಟರಿಗೆ ಜಾಗವಿಲ್ಲ.

ಬ್ಯಾಟರಿ, ನಲ್ಲಿ, ಸೋರುವ ತಾರಸಿಗೆ ಇರುವುದು ಅನ್‌ಟೈಡ್ ಫಂಡ್, ಅಂದರೆ ಬಾಬತ್ತು ಗೊತ್ತುಮಾಡದ ಹಣ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನ ತನ್ನ ಮೊದಲ ವರ್ಷಗಳಲ್ಲೇ ಒಂದು ಪ್ರಾಥಮಿಕ ಕೇಂದ್ರಕ್ಕೆ ಇದನ್ನು 25,000, ವಾರ್ಷಿಕ ನಿರ್ವಹಣೆಗೆ 50,000, ಆ ಕೇಂದ್ರದ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಗೆ 1 ಲಕ್ಷ ಎಂದು ನಿಗದಿ ಮಾಡಿತು. ವರ್ಷಕ್ಕೆ ಒಟ್ಟು 1.75 ಲಕ್ಷ. ಹಳ್ಳಿಯ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000. ಬೆಲೆಗಳು ಅಂದಿನಿಂದ ಮೂರು ಪಟ್ಟು ದಾಟಿವೆ. ಈ ಮೊತ್ತಗಳು ಮಾತ್ರ ಇದ್ದಲ್ಲೇ ನಿಂತಿವೆ. ನನ್ನನ್ನು ಹೆಚ್ಚು ನೋಯಿಸುವುದು ಇದೇ. ಒಂದು ಟ್ಯೂಬುಲರ್ ಬ್ಯಾಟರಿಗೆ ಈಗ ಸುಮಾರು 15,000 ರೂಪಾಯಿ. ಎರಡು ತಂದರೆ ವರ್ಷದ ಹಣದ ಆರನೇ ಒಂದು ಪಾಲು ಹೋಯಿತು.

ಬರುವ ಹಣವೂ ಹೊತ್ತಿಗೆ ಬರುವುದಿಲ್ಲ. 2015-16ರಿಂದ ಈ ಅಭಿಯಾನದ ವೆಚ್ಚದಲ್ಲಿ ಕೇಂದ್ರ ಸರ್ಕಾರದ್ದು ಶೇ 60, ರಾಜ್ಯದ್ದು ಶೇ 40. ಕೇಂದ್ರದ ಕಂತು ಬಂದು, ರಾಜ್ಯದ ಪಾಲು ಕೂಡಿ, ಕೆಳಗಿಳಿಯುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಮೊದಲು ಆರೋಗ್ಯ ರಕ್ಷಾ ಸಮಿತಿಯ ಖಾತೆಯಲ್ಲಿ ಹಿಂದಿನ ವರ್ಷದ ಒಂದಿಷ್ಟು ಹಣ ಉಳಿದಿರುತ್ತಿತ್ತು, ತುರ್ತಿಗೆ ಆಗುತ್ತಿತ್ತು. 2021ರ ಜುಲೈಯಲ್ಲಿ ಅಭಿಯಾನದ ಹಣಕ್ಕೆಲ್ಲ ರಾಜ್ಯಕ್ಕೆ ಒಂದೇ ನೋಡಲ್ ಖಾತೆ, ಅಂದರೆ ಮುಖ್ಯ ಖಾತೆ, ಬಂತು. ಕೆಳಗಿನವು ಹಣ ಉಳಿಯದ, ಶೂನ್ಯ ಶಿಲ್ಕಿನ ಖಾತೆಗಳಾದವು. ಆರೋಗ್ಯ ಕೇಂದ್ರಕ್ಕೆ ಸಿಗುವುದು ಹಣವಲ್ಲ, ಇಷ್ಟರವರೆಗೆ ಖರ್ಚು ಮಾಡಬಹುದೆಂಬ ಮಿತಿ. ಕೊಳೆಯುತ್ತಿದ್ದ ಹಣ ಲೆಕ್ಕಕ್ಕೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಮಿತಿ ತಡವಾದರೆ ವೈದ್ಯಾಧಿಕಾರಿಯ ಕೈ ಖಾಲಿ.

ಹೀಗಾಗಿ ‘ಅನುದಾನ ಬಂತೇ’ ಎಂದಷ್ಟೇ ಕೇಳಬೇಡಿ. ಈ ವರ್ಷದ ಮಿತಿ ಎಷ್ಟು, ಯಾವ ದಿನ ಸಿಕ್ಕಿತು, ಎಷ್ಟು ಖರ್ಚಾಗಿದೆ ಎಂದು ಕೇಳಿ. ಆರೋಗ್ಯ ರಕ್ಷಾ ಸಮಿತಿಯ ಕೊನೆಯ ಸಭೆ ಎಂದು ನಡೆಯಿತು ಎಂಬುದಕ್ಕೆ ನಡವಳಿ ಪುಸ್ತಕ ನೋಡಿ. ಹಲವು ಕಡೆ ಕೆಲಸ ಕೆಡುವುದು ಇಲ್ಲೇ: ಸಭೆ ಇಲ್ಲ, ಠರಾವಿಲ್ಲ, ಮಿತಿ ಇದ್ದರೂ ಖರ್ಚಿಲ್ಲ. ಮಾರ್ಚ್‌ನಲ್ಲಿ ಗಡಿಬಿಡಿಯಾಗಿ ಬೇಡದ್ದನ್ನು ಕೊಳ್ಳುತ್ತಾರೆ. ನಿಮ್ಮ ಪಂಚಾಯಿತಿ ಸದಸ್ಯರಿಂದ ಲಿಖಿತವಾಗಿ ಸಭೆ ಕರೆಸಿ. ಬ್ಯಾಟರಿಯ ಸಾಮರ್ಥ್ಯ, ಸಂಖ್ಯೆ, ಎರಡು ಮೂರು ಕೊಟೇಷನ್‌ಗಳ ಸಮೇತ ವಿಷಯ ಮಂಡಿಸಲಿ.

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಅದಕ್ಕೇ ಖರ್ಚಿನ ವಿವರಕ್ಕೊಂದು, ಸಭೆಯ ನಡವಳಿಗೊಂದು, ಎರಡು ಪ್ರತ್ಯೇಕ ಅರ್ಜಿ ಬರೆಯಿರಿ.