ಪಾಪುಗೆ ಏನೂ ಅರ್ಥ ಆಗಲ್ಲ ಅಂತ ದೆವ್ವದ ಸಿನಿಮಾಗೆ ಕರೆದುಕೊಂಡು ಹೋಗ್ತೀರಾ?

ಓದುಗರ ಪ್ರಶ್ನೆ, ಮಕ್ಕಳ ಮನೋವೈದ್ಯೆಯ ಉತ್ತರ

ಬೇಸಿಗೆ ರಜೆ, ದಸರಾ ರಜೆ ಮುಗಿದರೆ ಸಾಕು, ನನ್ನ ಕ್ಲಿನಿಕ್ಕಿನಲ್ಲೂ ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಒಂದೇ ಸುದ್ದಿ. ಮಗು ರಾತ್ರಿ ಮಲಗುತ್ತಿಲ್ಲ, ಲೈಟ್ ಆರಿಸಲು ಬಿಡುತ್ತಿಲ್ಲ, ಅಮ್ಮನ ಸೆರಗು ಬಿಡುತ್ತಿಲ್ಲ. ಏನು ನೋಡಿತು ಅಂತ ಕೇಳಿದರೆ, "ಏನಿಲ್ಲ ಮೇಡಂ, ನಾವು ನೋಡ್ತಿದ್ವಿ, ಅದು ಪಕ್ಕದಲ್ಲಿ ಆಡ್ಕೊಂಡಿತ್ತು" ಅನ್ನುತ್ತಾರೆ. ಈ ಸಲ ಬಂದ ಪತ್ರಗಳಿಗೆಲ್ಲ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಮಲಗಿಸಿ, ಮೊಬೈಲ್ ಕಮ್ಮಿ ಕೊಡಿ ಅನ್ನುವ ಪಾಠ ಇಲ್ಲಿ ಮಾಡಲ್ಲ. ಅದು ನಿಮಗೆ ಗೊತ್ತೇ ಇದೆ.

ಮಗನಿಗೆ ಐದೂವರೆ ವರ್ಷ. ಮನೆಯವರೆಲ್ಲ ಕೂತು ಟಿವಿಯಲ್ಲಿ 'ಆಪ್ತಮಿತ್ರ' ನೋಡಿದೆವು. ಅವನೂ ಅಲುಗಾಡದೆ ಕೊನೆತನಕ ನೋಡಿದ, ನಾವು ನಕ್ಕಾಗ ನಕ್ಕ. ಈಗ ಎರಡು ವಾರದಿಂದ ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ. ಭಾನುವಾರ ಅವನಮ್ಮ ತಲೆಸ್ನಾನ ಮಾಡಿ ಕೂದಲು ಬಿಟ್ಟುಕೊಂಡು ಬಂದರೆ ಕಿಟಾರನೆ ಕಿರುಚಿದ. ಅದರಲ್ಲಿ ದೆವ್ವ ಇಲ್ಲ, ಅದು ಕಾಯಿಲೆ ಅಂತ ಸಿನಿಮಾದಲ್ಲೇ ಹೇಳ್ತಾರಲ್ವಾ? ನಾವೂ ಎಷ್ಟೋ ಸಲ ಬಿಡಿಸಿ ಹೇಳಿದ್ದೇವೆ. ಅಷ್ಟಕ್ಕೂ ಇಂಥ ಸಿನಿಮಾ ಯಾವ ವಯಸ್ಸಿಗೆ ತೋರಿಸಬಹುದು? (ದಾವಣಗೆರೆಯ ತಂದೆ)

2004ರ ಆ ಸಿನಿಮಾದಲ್ಲಿ ದೆವ್ವ ಇಲ್ಲ ಅನ್ನುವುದು ನಿಜ. ಸೌಂದರ್ಯ ಮಾಡಿದ ಗಂಗಾ ಪಾತ್ರ ತಾನೇ ನಾಗವಲ್ಲಿ ಅನ್ನುವ ಸತ್ತ ನರ್ತಕಿ ಅಂದುಕೊಳ್ಳುತ್ತದೆ, ಅದು ಮನಸ್ಸಿನ ಕಾಯಿಲೆ ಅಂತ ವಿಷ್ಣುವರ್ಧನ್ ಮಾಡಿದ ಡಾಕ್ಟರ್ ಪಾತ್ರ ವಿವರಿಸುತ್ತದೆ. (ಅಲ್ಲಿ ತೋರಿಸಿದ ಚಿಕಿತ್ಸೆಯ ಬಗ್ಗೆ ನನ್ನ ತಕರಾರು ಬೇರೆಯೇ ಇದೆ. ಇಪ್ಪತ್ತು ವರ್ಷ ಕಳೆದರೂ ಜನ ನನ್ನ ಹತ್ತಿರ ಬಂದು "ಇದು ನಾಗವಲ್ಲಿ ಕೇಸಾ ಮೇಡಂ?" ಅಂತ ಕೇಳುತ್ತಾರೆ.) ಆದರೆ ಆ ವಿವರಣೆ ಕೇಳಿಸಿಕೊಂಡವರು ನೀವು. ನಿಮ್ಮ ಮಗ ನೋಡಿದ್ದು ಸೌಂದರ್ಯ ಅವರ ಕಣ್ಣು.

ಮೂರರಿಂದ ಏಳು ವರ್ಷದ ತನಕ ಮಕ್ಕಳು ಕಣ್ಣಿಗೆ ಕಂಡದ್ದನ್ನೇ ನಂಬುತ್ತಾರೆ. ಒಳಗೆ ಏನಿದೆ, ಯಾಕೆ ಹಾಗಾಯಿತು ಅನ್ನುವುದು ಅವರ ಮಟ್ಟಿಗೆ ಆಮೇಲಿನ ಮಾತು. ಅಮೆರಿಕದಲ್ಲಿ ಜೊಆನ್ ಕ್ಯಾಂಟರ್ ಅನ್ನುವ ಸಂಶೋಧಕಿ ಮಕ್ಕಳ ಟಿವಿ ಭಯದ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದರು. ಒಳ್ಳೆಯ ಮನುಷ್ಯನೊಬ್ಬ ಹಸಿರು ದೈತ್ಯನಾಗುವ 'ಹಲ್ಕ್' ಧಾರಾವಾಹಿಯನ್ನು ಅವರ ತಂಡ ಮಕ್ಕಳಿಗೆ ತೋರಿಸಿ ನೋಡಿತು. ಆ ದೈತ್ಯ ಬರುವುದು ಕಷ್ಟದಲ್ಲಿರುವವರನ್ನು ಕಾಪಾಡಲಿಕ್ಕೆ. ದೊಡ್ಡ ಮಕ್ಕಳಿಗೆ ಅದು ಗೊತ್ತು, ಅವನು ಬಂದಾಗ ಅವರಿಗೆ ಸಮಾಧಾನ. ಪುಟ್ಟ ಮಕ್ಕಳು ಹೆಚ್ಚು ಹೆದರಿದ್ದು ಮಾತ್ರ ಆ ಮನುಷ್ಯ ಮಾರ್ಪಡುವ ಗಳಿಗೆಯಲ್ಲೇ. ಪರಿಚಯದ ಮುಖ ಕಣ್ಣೆದುರೇ ಇನ್ನೊಂದಾಗುವುದು ಆ ವಯಸ್ಸಿಗೆ ಅರಗುವುದಿಲ್ಲ.

ಈಗ ನಿಮ್ಮ ಮನೆಗೆ ಬನ್ನಿ. ಸೀರೆ ಉಟ್ಟು ನಗುನಗುತ್ತಾ ಓಡಾಡುವ ಹೆಂಗಸು. ಅವಳೇ ಕಣ್ಣು ಅರಳಿಸಿ, ಕೂದಲು ಕೆದರಿ, ದನಿ ಬದಲಾಯಿಸಿ ಅಬ್ಬರಿಸುತ್ತಾಳೆ. ಹಾಗಾದರೆ ನಮ್ಮ ಅಮ್ಮನೂ ಹಾಗಾಗಬಹುದು ಅಂತ ಐದೂವರೆ ವರ್ಷದ ಹುಡುಗ ಲೆಕ್ಕ ಹಾಕಿದರೆ ಅದರಲ್ಲಿ ತಪ್ಪೇನಿದೆ? ಅವನು ಕಿರುಚಿದ್ದು ಹಠಕ್ಕಲ್ಲ. ಅಮ್ಮನ ಮುಖದಲ್ಲಿ ಅಮ್ಮ ಕಾಣಲಿಲ್ಲ, ಅದಕ್ಕೆ.

ಅಲುಗಾಡದೆ ನೋಡಿದ್ದನ್ನು ಧೈರ್ಯ ಅಂದುಕೊಳ್ಳಬೇಡಿ. ಹೆದರಿದ ಮಗು ಎದ್ದು ಓಡಿಹೋಗಲೇಬೇಕು ಅಂತೇನಿಲ್ಲ, ಕೂತಲ್ಲೇ ಕಲ್ಲಾಗಿಬಿಡುವುದೂ ಉಂಟು. ನಕ್ಕಿದ್ದು ನೀವು ನಕ್ಕಿರಿ ಅಂತ. ಮುಂದಿನ ಸಲ ಟಿವಿ ನೋಡುವ ಬದಲು ಮಗುವಿನ ಕೈ ನೋಡಿ. ದಿಂಬು ಹಿಸುಕುತ್ತಿದೆಯಾ, ಅಂಗಿಯ ತುದಿ ಬಾಯಿಗೆ ಹೋಗಿದೆಯಾ, ಮೂತ್ರಕ್ಕೆ ಎದ್ದು ಹೋಗಬೇಕಿದ್ದರೂ ಹೋಗುತ್ತಿಲ್ಲವಾ? ಸಿನಿಮಾ ನಿಲ್ಲಿಸಲು ಇಷ್ಟು ಸಾಕು.

ಮೊದಲು ಮಾಡಬಾರದ್ದು ಹೇಳುತ್ತೇನೆ, ಏಕೆಂದರೆ ಅದನ್ನೇ ಎಲ್ಲರೂ ಮಾಡಿರುತ್ತಾರೆ. "ಅದು ಬರೀ ಆಕ್ಟಿಂಗ್ ಕಣೋ" ಅನ್ನುವ ಭಾಷಣ ನಿಲ್ಲಿಸಿ. ಅವನು ಅದನ್ನು ಬಾಯಿಪಾಠ ಮಾಡಿ ನಿಮಗೇ ಒಪ್ಪಿಸುತ್ತಾನೆ, ರಾತ್ರಿ ಮತ್ತೆ ಹೆದರುತ್ತಾನೆ. ಭಯ ಹೋಗಲಿ ಅಂತ ಅದೇ ದೃಶ್ಯ ಮತ್ತೆ ತೋರಿಸಬೇಡಿ. ಪೊರಕೆ ಹಿಡಿದು ಮಂಚದ ಕೆಳಗೆ ಬಡಿದು "ನೋಡು, ಓಡಿಸಿಬಿಟ್ಟೆ" ಅನ್ನಬೇಡಿ. ಓಡಿಸಿದಿರಿ ಅಂದರೆ ಇತ್ತು ಅಂತಾಯ್ತಲ್ಲ! ನೆಂಟರ ಮುಂದೆ "ನಮ್ಮವನು ಪುಕ್ಕಲ" ಅಂತ ನಗಬೇಡಿ. ಗಂಡು ಹುಡುಗ ಹೆದರಬಾರದು ಅನ್ನುವ ಮಾವಂದಿರನ್ನು ಸ್ವಲ್ಪ ದಿನ ದೂರ ಇಡಿ.

ಈ ವಯಸ್ಸಿಗೆ ಮಾತಿಗಿಂತ ಮೈ ಕೆಲಸ ಮಾಡುತ್ತದೆ. ಜತೆಗಿರಿ, ಕೈ ಹಿಡಿಯಿರಿ, ಒಂದು ಲೋಟ ನೀರು ಕೊಡಿ. ಬಚ್ಚಲಿಗೆ ಮೊದಲ ಎರಡು ದಿನ ಒಳಗೇ ಹೋಗಿ. ಆಮೇಲೆ ಬಾಗಿಲಲ್ಲಿ ನಿಲ್ಲಿ. ಇನ್ನೂ ಎರಡು ದಿನ ಬಿಟ್ಟು ಹಾಲ್‌ನಿಂದ ಮಾತಾಡುತ್ತಿರಿ, ನಿಮ್ಮ ದನಿ ಕೇಳಿಸಬೇಕು ಅಷ್ಟೇ. ಅವಸರ ಮಾಡಬೇಡಿ. ಅವನಮ್ಮ ಜಡೆ ಬಿಚ್ಚುವುದನ್ನೇ ಬಿಡಬೇಕಿಲ್ಲ. ಹಗಲು ಹೊತ್ತಿನಲ್ಲಿ ಕನ್ನಡಿ ಮುಂದೆ ಇಬ್ಬರೂ ಕೂರಲಿ. ಬಾಚಣಿಗೆ ಅವನ ಕೈಗೆ ಕೊಟ್ಟು, ಕೂದಲು ಬಿಚ್ಚುವ ಕೆಲಸ, ಕ್ಲಿಪ್ಪು ಹಾಕುವ ಕೆಲಸ ಅವನಿಂದಲೇ ಮಾಡಿಸಿ. ಬಿಚ್ಚಿದರೂ ಅಮ್ಮ, ಕಟ್ಟಿದರೂ ಅಮ್ಮ ಅಂತ ಅವನ ಕೈಗೇ ಗೊತ್ತಾಗಲಿ. ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಇಳಿಯುತ್ತದೆ. ತಿಂಗಳು ದಾಟಿದರೂ ಊಟ, ನಿದ್ದೆ, ಶಾಲೆ ಮೂರೂ ಕೆಟ್ಟಿದ್ದರೆ ಕರೆದುಕೊಂಡು ಬನ್ನಿ.

ಇನ್ನು ವಯಸ್ಸಿನ ಮಾತು. ನನ್ನ ಗೆರೆ ಏಳು ವರ್ಷ. ಅದಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡ. ಕೆಲವು ಸಹೋದ್ಯೋಗಿಗಳು ಇದು ಜಾಸ್ತಿ ಆಯಿತು ಅನ್ನುತ್ತಾರೆ. ಅನ್ನಲಿ. ಹೆದರಿದ ಮಕ್ಕಳನ್ನು ದಿನಾ ನೋಡುವವಳು ನಾನು, ಒಂದು ಸಿನಿಮಾ ತಪ್ಪಿಹೋಯಿತು ಅಂತ ಕೆಟ್ಟ ಮಗುವನ್ನು ಇನ್ನೂ ನೋಡಿಲ್ಲ. ಕ್ಯಾಂಟರ್ ಮತ್ತು ಅವರ ಸಹೋದ್ಯೋಗಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮಾತಾಡಿಸಿದ್ದರು. ಚಿಕ್ಕಂದಿನಲ್ಲಿ ಹೆದರಿಸಿದ ಸಿನಿಮಾವೋ ಟಿವಿ ಕಾರ್ಯಕ್ರಮವೋ ಇದೆ ಅಂದವರು ಸುಮಾರು 90%. ಅದರ ಅಳುಕು ಇನ್ನೂ ಉಳಿದಿದೆ ಅಂದವರು ಹೆಚ್ಚುಕಡಿಮೆ ಕಾಲು ಭಾಗ.

ಏಳರಿಂದ ಹತ್ತರ ನಡುವೆ ಮಗುವನ್ನು ನೋಡಿ ತೀರ್ಮಾನಿಸಿ. ಮೊದಲು ನೀವೊಬ್ಬರೇ ನೋಡಿ. ಹಗಲು ತೋರಿಸಿ. ರಿಮೋಟು ಅದರ ಕೈಯಲ್ಲಿರಲಿ. ಭಯದ ಅರ್ಧ ಇರುವುದು ಸದ್ದಿನಲ್ಲಿ, ಮ್ಯೂಟ್ ಮಾಡಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಥಿಯೇಟರ್‌ನಲ್ಲಿ ಈ ಸೌಲಭ್ಯ ಯಾವುದೂ ಇಲ್ಲ. ಹಾಗಾಗಿ ಮೊದಲ ಸಲವೇ ಥಿಯೇಟರ್ ಬೇಡ.

ಎಂಟು ದಾಟಿದ ಮೇಲೆ ಭಯದ ರೂಪ ಬದಲಾಗುತ್ತದೆ. ದೆವ್ವಕ್ಕಿಂತ ಕಳ್ಳ, ಅಪಹರಣ, ಅಪಘಾತ, ಅಪ್ಪ ಅಮ್ಮನ ಸಾವು ಹೆದರಿಸುತ್ತವೆ. ದೆವ್ವದ ಸಿನಿಮಾ ಬೇಡ ಅನ್ನುವ ಮನೆಯಲ್ಲೇ ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ಕ್ರೈಂ ಕಾರ್ಯಕ್ರಮ ಓಡುತ್ತಿರುತ್ತದೆ. ಕೊಲೆ ಹೇಗಾಯಿತು ಅಂತ ನಟರನ್ನಿಟ್ಟು ಮಾಡಿ ತೋರಿಸುತ್ತಾರೆ, ಜತೆಗೆ ಊರಿನ ಹೆಸರು ಬೇರೆ. ಒಂಬತ್ತು ವರ್ಷದ ಹುಡುಗಿಗೆ "ಇದು ಕಥೆ" ಅಂತ ಹೇಳಿ ಸಮಾಧಾನ ಮಾಡೋಣ ಅಂದರೆ ಇದು ಕಥೆಯೂ ಅಲ್ಲ. ಮೊದಲು ಅದನ್ನು ಆರಿಸಿ.

"ಯುಎ ಸರ್ಟಿಫಿಕೇಟ್ ಇತ್ತು, ಅದಕ್ಕೇ ಕರೆದುಕೊಂಡು ಹೋದೆವು. ಸೆನ್ಸಾರ್‌ನವರೇ ಬಿಟ್ಟಮೇಲೆ ಭಯ ಏನು?" (ಹುಬ್ಬಳ್ಳಿ)

ಯುಎ ಅಂದರೆ ತೀರ್ಮಾನ ನಿಮ್ಮದು ಅಂತ. ಸೆನ್ಸಾರ್‌ನವರು ನಿಮ್ಮ ಮಗುವನ್ನು ನೋಡಿಲ್ಲ. ಸಿನಿಮಾ ಕಾಯ್ದೆಗೆ 2023ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಯುಎಯನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಆದರೂ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ, 18ರ ಒಳಗಿನವರನ್ನು ತಡೆಯಬೇಕಾದ್ದು 'ಎ' ಸಿನಿಮಾಕ್ಕೆ ಮಾತ್ರ. ಒಟಿಟಿಯಲ್ಲಿ 13+ ಮತ್ತು ಮೇಲಿನದಕ್ಕೆ ಲಾಕ್ ಸೌಲಭ್ಯ ಇರಬೇಕು ಅಂತ 2021ರ ನಿಯಮವಿದೆ. ಅದನ್ನು ಎಷ್ಟು ಜನ ಹಾಕಿದ್ದೀರಿ? ಪಾಸ್‌ವರ್ಡ್ ಮಗುವಿಗೆ ಗೊತ್ತಿದ್ದರೆ ಲೆಕ್ಕಕ್ಕಿಲ್ಲ.

ನಾವು ಅಜ್ಜಿಯ ದೆವ್ವದ ಕಥೆ ಕೇಳಿ, ಬಯಲಾಟದ ಮಹಿಷಾಸುರನನ್ನು ನೋಡಿ ಬೆಳೆದವರು. ನಮಗೇನಾಯ್ತು? (ಪುತ್ತೂರು)

ಏನೂ ಆಗಲಿಲ್ಲ ಅಂತ ಬರೆದು, ಅದೇ ಪತ್ರದ ಕೊನೆಗೆ "ಈಗಲೂ ಕತ್ತಲಾದ ಮೇಲೆ ಬಾವಿಕಟ್ಟೆ ಕಡೆ ಹೋಗಲ್ಲ" ಅಂತಲೂ ಬರೆದಿದ್ದೀರಿ. ಇರಲಿ.

ಅಜ್ಜಿ ಕಥೆ ಹೇಳುವಾಗ ಮಗು ತೊಡೆಯ ಮೇಲಿರುತ್ತಿತ್ತು. ಅದು ಸೆಟೆದುಕೊಂಡರೆ ಅಜ್ಜಿಗೆ ಗೊತ್ತಾಗುತ್ತಿತ್ತು, ದೆವ್ವಕ್ಕೆ ಹೊಟ್ಟೆನೋವು ಬರಿಸಿ ಕಥೆ ತಿರುಗಿಸುತ್ತಿದ್ದಳು. ಮಗು ತನ್ನ ಮನಸ್ಸಿನಲ್ಲಿ ಬರೆದುಕೊಂಡ ದೆವ್ವ ಅದರ ಅಳತೆಯದ್ದೇ ಆಗಿರುತ್ತಿತ್ತು. ಸಿನಿಮಾ ಮಗುವಿನ ಮುಖ ನೋಡುವುದಿಲ್ಲ.

ಮಹಿಷಾಸುರ ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದ ಅಬ್ಬರಿಸಿಕೊಂಡು ಬಂದಾಗ ಎಷ್ಟೋ ಮಕ್ಕಳು ಹೆದರಿ ಚಾಪೆಯೊಳಗೆ ಸುತ್ತಿಕೊಂಡಿವೆ. ಆದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಗೂ ನೀವು ಹೋಗಿದ್ದಿರಿ ಅಲ್ವಾ? ಅರ್ಧ ಮುಖಕ್ಕೆ ಬಿಳಿ ಚುಕ್ಕಿಗಳ ಚಿಟ್ಟಿ ಇಟ್ಟುಕೊಂಡು, ಬಣ್ಣ ಕೆಡದ ಹಾಗೆ ತುಟಿ ಮುಂದೆ ಮಾಡಿ ಚಹಾ ಕುಡಿಯುವ ಮಹಿಷಾಸುರನನ್ನು ನೋಡಿದ್ದಿರಿ. ಎಂಟು ಹತ್ತರ ಮಕ್ಕಳಿಗೆ ಇದು ನಿಜಕ್ಕೂ ಒಳ್ಳೆಯ ಮದ್ದು, ನಾನೇ ಹೋಗಿ ತೋರಿಸಿ ಅನ್ನುತ್ತೇನೆ. ನಾಲ್ಕು ವರ್ಷದ್ದನ್ನು ಮಾತ್ರ ಕರೆದುಕೊಂಡು ಹೋಗಬೇಡಿ. ಬಣ್ಣ ಹಚ್ಚಿ ಮುಖ ಬದಲಾಗುವುದನ್ನು ನೋಡುವುದೇ ಅದಕ್ಕೆ ಇನ್ನೂ ಹೆಚ್ಚು ಭಯ.

ಮಕ್ಕಳು ನಮ್ಮ ಮುಖ ನೋಡಿಯೂ ಹೆದರುತ್ತಾರೆ. 1990ರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲ ಮೇಲೆ, ರಾತ್ರಿ ಬಂದು ತಟ್ಟುವ ದೆವ್ವ ಓದಿ ವಾಪಸ್ ಹೋಗಲಿ ಅಂತ 'ನಾಳೆ ಬಾ' ಎಂದು ಬರೆದವರು ಮಕ್ಕಳಲ್ಲ.

ಮಗಳಿಗೆ ನಾಲ್ಕು ವರ್ಷ. ಸೆಕೆಂಡ್ ಶೋಗೆ ಹೋಗಿ ಬಂದ ಮೇಲೆ ಮಲಗಿದ ಒಂದೆರಡು ಗಂಟೆಗೆ ಎದ್ದು ಕೂತು ಕಿರುಚುತ್ತಾಳೆ. ಕಣ್ಣು ಬಿಟ್ಟಿದ್ದರೂ ನಮ್ಮನ್ನು ಗುರುತು ಹಿಡಿಯಲ್ಲ. ಬೆಳಿಗ್ಗೆ ಏನೂ ನೆನಪಿಲ್ಲ. ಅತ್ತೆ ತಾಯಿತ ಕಟ್ಟಿಸಿದರು, ಈಗ ಕಮ್ಮಿ ಆಗಿದೆ. (ಕೊಪ್ಪಳ)

ಇದು ಕೆಟ್ಟ ಕನಸಲ್ಲ, ಗಾಳಿಯೂ ಅಲ್ಲ. ಕೆಟ್ಟ ಕನಸು ಬರುವುದು ಹೆಚ್ಚಾಗಿ ಬೆಳಗಿನ ಜಾವದ ಕಡೆಗೆ. ಮಗು ಪೂರ್ತಿ ಎಚ್ಚರಾಗಿ ನಿಮ್ಮನ್ನು ಅಪ್ಪಿಕೊಳ್ಳುತ್ತದೆ, ಕನಸು ಹೇಳುತ್ತದೆ. ನೀವು ಬರೆದಿರುವುದನ್ನು ನೈಟ್ ಟೆರರ್ ಅನ್ನುತ್ತಾರೆ. ಆಳವಾದ ನಿದ್ದೆಯಲ್ಲಿ ಮೆದುಳು ಅರ್ಧಂಬರ್ಧ ಎಚ್ಚರಾದಾಗ ಆಗುವಂಥದ್ದು. ನಿದ್ದೆಗೆಟ್ಟರೆ, ಜ್ವರ ಬಂದರೆ ಜಾಸ್ತಿ. ನಿಮ್ಮ ಮಗಳಿಗೆ ಸಿನಿಮಾದ ಕಥೆಗಿಂತ ಆ ಸೆಕೆಂಡ್ ಶೋನ ನಿದ್ದೆಗೇಡೇ ಕಾರಣ ಇರಬಹುದು. ಅಲ್ಲಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಎರಚಬೇಡಿ. ಬೀಳದ ಹಾಗೆ ನೋಡಿಕೊಳ್ಳಿ, ತಾನೇ ಮಲಗುತ್ತಾಳೆ. ಬೆಳಿಗ್ಗೆ ಕೇಳಿ ಕೆದಕಬೇಡಿ.

ಇದು ತಾನಾಗಿಯೇ ಕಮ್ಮಿ ಆಗುತ್ತದೆ. ಹಾಗಾಗಿ ಯಾರು ಏನು ಕಟ್ಟಿದರೂ ಹೆಸರು ಅವರಿಗೇ. ಅತ್ತೆಯವರ ಜತೆ ಜಗಳ ಬೇಡ. ಆದರೆ ಮಲಗುವಾಗ ಕುತ್ತಿಗೆಯಲ್ಲಿ ದಾರ ಇರಲೇಬಾರದು, ಬಿಗಿದರೆ ಉಸಿರು ಕಟ್ಟುತ್ತದೆ. ಇನ್ನು ಬರೆ ಹಾಕುವವರು, ಹೊಗೆ ಹಾಕುವವರು, ಬೇವಿನ ಸೊಪ್ಪಿನಲ್ಲಿ ಬಡಿಯುವವರು ಯಾರಾದರೂ "ಒಂದು ಸಲ ಕರ್ಕೊಂಡು ಬನ್ನಿ" ಅಂದರೆ ಅವರ ಹೊಸ್ತಿಲು ತುಳಿಯಬೇಡಿ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದು 2017ರ ಕರ್ನಾಟಕದ ಕಾಯ್ದೆ ಪ್ರಕಾರ ಅಪರಾಧ. ಬರೆಯ ಗಾಯ ಇಟ್ಟುಕೊಂಡು ಬಂದ ಮಕ್ಕಳನ್ನು ನೋಡಿದ್ದೇನೆ, ಇದರಲ್ಲಿ ನನಗೆ ತಾಳ್ಮೆ ಇಲ್ಲ. ಒಂದೇ ರಾತ್ರಿ ಹಲವು ಸಲ ಆದರೆ, ಕೈಕಾಲು ಒಂದೇ ಸಮ ಅದುರಿದರೆ, ಜೊಲ್ಲು ಸುರಿದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಡಾಕ್ಟರ ಹತ್ತಿರ ಹೋಗಿ. ಅದು ಫಿಟ್ಸ್ ಇರಬಹುದು.

ಒಂದೂವರೆ ವರ್ಷದ ಪಾಪುಗೆ ಏನೂ ಅರ್ಥ ಆಗಲ್ಲ ಅಲ್ವಾ, ಹಾರರ್ ಸಿನಿಮಾಗೆ ಎತ್ತಿಕೊಂಡು ಹೋಗಬಹುದಾ?

ಪಾಪುಗೆ ಕಿವಿ ಇದೆ.

ಊಟ ಮಾಡದಿದ್ದರೆ ಗುಮ್ಮನ ವಿಡಿಯೊ ಹಾಕುತ್ತೇವೆ. ತಪ್ಪಾ?

ಪುರಂದರದಾಸರ ಪದದಲ್ಲಿ ಸಾಕ್ಷಾತ್ ಕೃಷ್ಣನೇ ಗುಮ್ಮನನ್ನು ಕರೆಯಬೇಡಮ್ಮ ಅಂತ ಗೋಗರೆಯುತ್ತಾನೆ. ನಿಮ್ಮ ಮಗುವಿನಿಂದ ಇನ್ನೂ ಎಷ್ಟು ಧೈರ್ಯ ಬಯಸುತ್ತೀರಿ? ನಿಲ್ಲಿಸಿ.

ಭಯ ಹೋಗಿಸುವ ಹನಿ ಔಷಧಿ ಆನ್‌ಲೈನ್‌ನಲ್ಲಿ ಸಿಗುತ್ತಂತೆ?

ದುಡ್ಡು ಹೋಗುತ್ತದೆ, ಭಯ ಹೋಗಲ್ಲ.

ಜಾತ್ರೆಯಲ್ಲಿ ನೀಲಿ ಬಣ್ಣದ, ಹಲ್ಲು ಕಿರಿಯುವ ಹಗ್ಗಿ ವಗ್ಗಿ ಗೊಂಬೆ ಕೊಡಿಸಿದೆವು. ಗೊಂಬೆ ತಾನೇ?

2021ರಲ್ಲಿ ಬಂದ ಹಾರರ್ ಗೇಮಿನ ರಾಕ್ಷಸ ಅದು. ಗೊಂಬೆ ಇಟ್ಟುಕೊಳ್ಳಲಿ, ಆದರೆ ಅದರ ವಿಡಿಯೊ ಹುಡುಕಲು ಬಿಡಬೇಡಿ.

ಮಗಳಿಗೆ ಹನ್ನೊಂದು. ಗೆಳತಿಯ ಬರ್ತ್‌ಡೇಗೆ ರಾತ್ರಿ ಉಳಿದು ಎಲ್ಲರೂ ಹಾರರ್ ನೋಡ್ತಾರಂತೆ. ಇವಳಿಗೆ ಒಳಗೊಳಗೇ ಭಯ, ಆದರೆ ಹೋಗಬೇಕು ಅಂತಾಳೆ. (ಮೈಸೂರು)

ಕಳಿಸಿ. ಹೋಗುವ ಮುಂಚೆ ಆ ಸಿನಿಮಾ ಯಾವುದು ಅಂತ ಆ ತಾಯಿಗೆ ಫೋನ್ ಮಾಡಿ ಕೇಳಿ. 'ಎ' ಸಿನಿಮಾ ಅಂದರೆ ಬೇಡ ಅಂತ ನೇರವಾಗಿ ಹೇಳಿ, ಅವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಕಥೆಯ ಕೊನೆ ಏನಾಗುತ್ತೆ ಅಂತ ಮಗಳಿಗೆ ಮೊದಲೇ ಹೇಳಿಬಿಡಿ. ಹನ್ನೊಂದರ ವಯಸ್ಸಿಗೆ ಅದು ತುಂಬಾ ಸಹಾಯ ಮಾಡುತ್ತದೆ. ಮಧ್ಯದಲ್ಲಿ ಎದ್ದು ಬರಲು ಒಂದು ನೆಪವನ್ನೂ ಕೊಟ್ಟು ಕಳಿಸಿ: "ಅಮ್ಮ ಫೋನ್ ಮಾಡು ಅಂದಿದ್ದಾರೆ." ಅವಳು ಫೋನ್ ಮಾಡಿದರೆ ರಾತ್ರಿ ಎಷ್ಟು ಹೊತ್ತಾದರೂ ಹೋಗಿ ಕರೆದುಕೊಂಡು ಬನ್ನಿ. ದಾರಿಯಲ್ಲಿ ಬೈಯಬೇಡಿ.