ವೈರಸ್‌ಗಳಾ, ವೈರೈಯಾ? (ಸಂಪಾದಕರ ಉತ್ತರ)

ನಮಸ್ಕಾರ ಸರ್, ಹೋದ ಸಂಚಿಕೇಲಿ ನಾವು ‘ವೈರಸ್‌ಗಳು’ ಅಂತ ಹಾಕಿದ್ದು ತಪ್ಪು, ಲ್ಯಾಟಿನ್ ರೂಲ್ ಪ್ರಕಾರ ‘ವೈರೈ’ ಆಗ್ಬೇಕಿತ್ತು, ಅಲ್ದೆ ಆ ಪದ ನಮ್ಮ ‘ವಿಷ’ದಿಂದಾನೇ ಅಲ್ಲಿಗೆ ಹೋಗಿದ್ದು ಅಂತ ಬರ್ದಿದ್ದೀರಿ. ಮೊದಲನೇದನ್ನ ನಾನು ಒಪ್ಪಲ್ಲ, ಎರಡನೇದು ಅರ್ಧ ಸರಿ.

ಫಂಗಸ್–ಫಂಗೈ ನೋಡಿ ಎಲ್ರೂ ಹೀಗೇ ಲೆಕ್ಕ ಹಾಕ್ತಾರೆ. ಆದ್ರೆ ಫಂಗಸ್ ಪುಲ್ಲಿಂಗ, ವೈರಸ್, ಅಂದ್ರೆ ರೋಮಿನವರ ಬಾಯಲ್ಲಿ ‘ವೀರುಸ್’, ನಪುಂಸಕಲಿಂಗ, ಅದಕ್ಕೆ ಫಂಗೈ ಥರ ‘ಐ’ ಹತ್ತಲ್ಲ. ಲ್ಯಾಟಿನ್ ನಾಮಪದಗಳನ್ನ ವಿಭಕ್ತಿ ಪ್ರತ್ಯಯ ಹತ್ತೋ ರೀತಿ ನೋಡಿ ಗುಂಪು ಮಾಡ್ತಾರೆ, ಅದ್ರಲ್ಲಿ ಎರಡನೇ ಗುಂಪಲ್ಲಿದ್ದು, ‘ಉಸ್’ ಅಂತ ಮುಗಿದೂ ನಪುಂಸಕವಾಗಿರೋ ಪದಗಳು ಬೆರಳೆಣಿಕೆ ಅಷ್ಟೇ, ಜನಸಮೂಹ ಅನ್ನೋ ‘ವುಲ್ಗುಸ್’, ಸಮುದ್ರ ಅನ್ನೋ ‘ಪೆಲಗುಸ್’ ಆ ಥರದವು. ‘ಕೊರ್ಪುಸ್’ಗೆ ‘ಕೊರ್ಪೊರ’ ಆಗುತ್ತಲ್ಲ ಅಂತೀರೇನೋ, ಅದು ಮೂರನೇ ಗುಂಪಿಗೆ ಸೇರಿದ್ದು, ಅದರ ದಾರೀನೇ ಬೇರೆ. ವೀರುಸ್ ಅಂದ್ರೆ ವಿಷ, ಲೋಳೆ ರಸ, ಗಬ್ಬು ನಾತ. ಎಣಿಸೋ ವಸ್ತುವೇ ಅಲ್ಲ, ನಾವು ‘ಹಾಲುಗಳು’ ಅಂತೀವಾ? ಹಾಗಾಗಿ ಹಳೇ ರೋಮಿನ ಬರಹಗಳಲ್ಲಿ ಅದಕ್ಕೆ ಬಹುವಚನಾನೇ ಸಿಗಲ್ಲ. ನಿಮ್ಮ ‘ವೈರೈ’ಗೆ ಹತ್ತಿರದ ‘ವಿರಿ’ ಅನ್ನೋ ಲ್ಯಾಟಿನ್ ಪದ ಇದೆ, ಅದು ‘ವಿರ್’ನ ಬಹುವಚನ, ಅರ್ಥ ಗಂಡಸರು!

ಇನ್ನು ವಿಷದ ವಿಚಾರ. ನೆಂಟಸ್ತಿಕೆ ನಿಜ, ಆದ್ರೆ ಸಂಸ್ಕೃತದಿಂದ ಲ್ಯಾಟಿನ್ನಿಗೆ ಹೋಗಿದ್ದಲ್ಲ, ಎರಡೂ ಇನ್ನೂ ಹಳೇದಾದ ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಇಳಿದು ಬಂದಿರೋದು. ಮೂಲದಲ್ಲಿದ್ದ ‘ಸ’ ಸಂಸ್ಕೃತದಲ್ಲಿ ಇಕಾರ ಆದ್ಮೇಲೆ ಬಂದಿದ್ರಿಂದ ‘ಷ’ ಆಯ್ತು, ಲ್ಯಾಟಿನ್ನಲ್ಲಿ ಎರಡು ಸ್ವರದ ನಡುವೆ ಸಿಕ್ಕಿ ‘ರ’ ಆಯ್ತು, ಹೂವು ಅನ್ನೋ ‘ಫ್ಲೋಸ್’ಗೆ ಷಷ್ಠೀಲಿ ‘ಫ್ಲೋರಿಸ್’ ಆಗೋದೂ ಇದೇ ಕಾರಣಕ್ಕೆ. ಗ್ರೀಕರಂತೂ ಆ ಅಕ್ಷರವನ್ನೇ ನುಂಗಿ ಬರೀ ‘ಈಒಸ್’ ಅಂದ್ರು. ಅಂದಹಾಗೆ ‘ವಿಷ’ ಕನ್ನಡಕ್ಕೆ ಸಂಸ್ಕೃತದಿಂದ ಬಂದಿದ್ದು, ನಮ್ಮ ಸ್ವಂತದ್ದು ‘ನಂಜು’.

ಎಣಿಸೋ ಅಗತ್ಯ ಬಂದಿದ್ದು ತೀರಾ ಈಚೆಗೆ. 1898ರಲ್ಲಿ ಡಚ್ ವಿಜ್ಞಾನಿ ಬೈಜರಿಂಕ್ ಹೊಗೆಸೊಪ್ಪಿನ ರೋಗಕಾರಕಕ್ಕೆ ಈ ಪದ ಬಳಸಿದಾಗಲೂ ಅವರು ಅದನ್ನ ದ್ರವ ಅಂತಾನೇ ನಂಬಿದ್ರು, ಬಿಡಿ ಬಿಡಿ ಕಣ ಅಂತ ಗೊತ್ತಾಗಿದ್ದು ಆಮೇಲೆ. ಅದಕ್ಕೇ ‘ವೈರಸ್‌ಗಳು’ ಅಂತಾನೇ ಹಾಕ್ತೀವಿ, ಇನ್ನು ಮುಂದೂ.

‘ವೈರಾಣು’ ಬರೀಬಹುದಲ್ಲ ಅಂತ ಕೊನೇಲಿ ಕೇಳಿದ್ದೀರಿ, ಬರೀಬಹುದು, ಚೆನ್ನಾಗೇ ಇದೆ. ಆದ್ರೆ ಅದನ್ನ ವೈರ-ಅಣು ಅಂತ ಬಿಡಿಸಿದ್ರೆ, ಸಂಸ್ಕೃತದ ‘ವೈರ’ ಹುಟ್ಟಿದ್ದು ‘ವೀರ’ದಿಂದ, ವೀರ ಲ್ಯಾಟಿನ್ನಿನ ‘ವಿರ್’ಗೆ ನೆಂಟ, ಅಂದ್ರೆ ನಿಮ್ಮ ವೈರಾಣು ಹೋಗಿ ಸೇರೋದು ಆ ಗಂಡಸರ ಮನೆಗೆ.