ಹೆಸರು ಹಾಕಿದರೂ ಗೂಗಲ್‌ನಲ್ಲಿ ಇಲ್ಲ!

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಹೋಂಸ್ಟೇ ಇದೆ. ವೆಬ್‌ಸೈಟ್‌ಗೆ ಹೊಸ ಡಿಸೈನ್ ಮಾಡಿಸಿದ ಮೇಲೆ ಗೂಗಲ್‌ನಲ್ಲಿ ಕಾಣುತ್ತಲೇ ಇಲ್ಲ. ಯಾಕೆ?

ಉತ್ತರ: ಗಾಬರಿ ಬೇಡ ಮಾರಾಯ್ರೆ. ನನಗೆ ಅನುಮಾನ ಆ ಹೊಸ ಡಿಸೈನ್ ಮೇಲೆಯೇ. ಕೆಲಸ ಮುಗಿಯುವ ತನಕ ಸೈಟ್ ಗೂಗಲ್ ಹುಡುಕಾಟದಲ್ಲಿ ಕಾಣದ ಹಾಗೆ ‘ನೋಇಂಡೆಕ್ಸ್’ ಎಂಬ ಸೂಚನೆ ಹಾಕಿರುತ್ತಾರೆ, ಆಮೇಲೆ ತೆಗೆಯಲು ಮರೆಯುತ್ತಾರೆ. ಉಡುಪಿಯಲ್ಲಿ ನಮ್ಮ ಅತ್ತಿಗೆಯ ಹಲಸಿನ ಹಪ್ಪಳದ ಸೈಟ್ ಹೀಗೇ ಇಡೀ ಮಳೆಗಾಲ ಮಾಯವಾಗಿತ್ತು. ನಾವು ಸುಮ್ನೆ ಫೋಟೋ ಬದಲಿಸುತ್ತಾ ಕೂತಿದ್ದೆವು!

ನಿಮ್ಮ ಸೈಟ್ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಬಳಸಿ ಮಾಡಿದ್ದಾದರೆ ಅದರ ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ತೆರೆಯಿರಿ. ಸರ್ಚ್ ಎಂಜಿನ್‌ಗಳನ್ನು ತಡೆಯುವ ಚೌಕದಲ್ಲಿ ಟಿಕ್ ಇದ್ದರೆ ತೆಗೆದು ಸೇವ್ ಮಾಡಿ. ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸಾಧನ) ನಿಮ್ಮ ಮುಖಪುಟದ ವಿಳಾಸ ಹಾಕಿ, ಇಂಡೆಕ್ಸಿಂಗ್‌ಗೆ, ಅಂದರೆ ಗೂಗಲ್ ಪಟ್ಟಿಗೆ ಸೇರಿಸಲು, ಕೋರಿಕೆ ಕೊಡಿ. ಅಲ್ಲೇ ‘ಮ್ಯಾನ್ಯುವಲ್ ಆ್ಯಕ್ಷನ್ಸ್’ ಕೂಡ ನೋಡಿ. ನಿಯಮ ಮುರಿದದ್ದಕ್ಕೆ ಗೂಗಲ್ ನಿಮ್ಮ ಸೈಟ್ ಮೇಲೆ ಕ್ರಮ ಕೈಗೊಂಡಿದ್ದರೆ ಅಲ್ಲಿ ಬರೆದಿರುತ್ತದೆ. ಸೈಟ್ ಮರುದಿನವೇ ವಾಪಸ್ ಬರುತ್ತದೆ ಎಂದೇನಿಲ್ಲ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ.